ಗಂಜಿ ಹಾಕಿದ ಗುಡಾರ

ಮೊನ್ನೆ ದಾದರಿಗೆ ಕೊಡೆ ರಿಪೇರಿ ಮಾಡಿಸಲು ಹೋದವಳು ಗುಡಾರದ ಅಂಗಡಿಗೆ ಹೊಕ್ಕುಬಿಟ್ಟೆ. ನನ್ನ ಮಂಡಿಗಳನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಡಾಕ್ಟರ ಮನೆಯ ಮೆಟ್ಟಿಲನ್ನೇ ಅವು ತಕರಾರಿಲ್ಲದೆ ಹತ್ತುವುದಿಲ್ಲ. ಆದರೆ ಗಾಜಿನ ಹಿಂದೆ ಕಿತ್ತಳೆ ಬಣ್ಣದ ಗುಡಾರವೊಂದು ಹೊಟ್ಟೆಯುಬ್ಬಿಸಿಕೊಂಡು ನಿಂತದ್ದು ಕಂಡದ್ದೇ ತಡ, ಎರಡೂ ಮಂಡಿಗಳಿಗೆ ಪ್ರಾಯ ಬಂತು. ಎಂಥ ಗಾಳಿಮಳೆಗೂ ಜಗ್ಗುವುದಿಲ್ಲವೆಂದು ಅದರ ಮೇಲೆ ಚೀಟಿ ಅಂಟಿಸಿದ್ದರು. ನಾನು ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿದೆ, ಬಟ್ಟೆಯನ್ನು ಬೆಳಕಿಗೆ ಹಿಡಿದೆ, ಕೊನೆಗೆ ಮೂಸಿಯೂ ನೋಡಿದೆ. ಅಂಗಡಿಯಾಕೆ ಹತ್ತಿರ ಬಂದು, ಯಾರಿಗೆ ಆಂಟಿ ಎಂದು ಹಿಂದಿಯಲ್ಲಿ ಕೇಳಿದಳು. ನನಗೇ ಎಂದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ಒಂದು ಲೋಟ ನೀರು ಕೊಡಮ್ಮ ಎಂದಾಗ ಬಾಯಾರಿರಬೇಕೆಂದು ತಂದುಕೊಟ್ಟಳು. ಅದನ್ನು ಗುಡಾರದ ಮೇಲೆ ಸುರಿಯಹೊರಟಾಗ ಮಾತ್ರ ಮಾಲೀಕನನ್ನು ಕರೆದಳು.

ತಪ್ಪು ನನ್ನದಲ್ಲ, ರಕ್ತದ್ದು. ನೀರು ಹೊಯ್ದು ನೋಡದೆ ಏನನ್ನೂ ಕೊಳ್ಳದ ಮನುಷ್ಯನ ಮಗಳು ನಾನು.

ನಮ್ಮ ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಮೈಸೂರಿನ ಕಡೆಯಿಂದ ಬಂದು ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದರು. ಹಡಗಿನಲ್ಲೋ ಗೋದಾಮಿನಲ್ಲೋ ಸರಕು ಒದ್ದೆಯಾಯಿತೆಂದು ಪರಿಹಾರ ಕೇಳಿ ಬಂದವರ ಕಾಗದಗಳನ್ನು ನೋಡುವುದು ಅವರ ಕೆಲಸ. ವರ್ಷಗಟ್ಟಲೆ ನೆನೆದ ಹತ್ತಿಮೂಟೆ, ಕರಗಿದ ಸಕ್ಕರೆ, ಮೊಳಕೆಯೊಡೆದ ಕಡಲೆಗಳ ಕಥೆ ಕೇಳಿ ಕೇಳಿ ಅವರಿಗೆ ನೀರಿನ ಮೇಲೊಂದು ವೈಯಕ್ತಿಕ ದ್ವೇಷ ಬೆಳೆದಿತ್ತು. ಕೊಡೆ ಕೊಳ್ಳಲು ಹೋದರೆ ಅಂಗಡಿಯೊಳಗೇ ಬಿಚ್ಚಿ, ಮೇಲೆ ಒಂದು ಚೊಂಬು ನೀರು ಹಾಕಿಸಿ, ಕೆಳಗೆ ತಾವೇ ನಿಲ್ಲುತ್ತಿದ್ದರು. ನನ್ನ ಸ್ಕೂಲಿನ ಬೂಟನ್ನು ತಂದ ದಿನವೇ ಬಕೆಟ್ಟಿನಲ್ಲಿ ಮುಳುಗಿಸಿ, ಅದು ಬಾಯ್ಬಿಟ್ಟಾಗ ಗೆದ್ದವರಂತೆ ಅಮ್ಮನ ಮುಖ ನೋಡಿದ್ದರು. ಅಮ್ಮ, ಬೂಟು ಇರುವುದು ಕಾಲಿಗೆ, ಮೀನಿಗಲ್ಲ ಎಂದಿದ್ದಳು.

ಆಗ ನಾವಿದ್ದದ್ದು ಸಯನ್ನಿನ ಒಂದು ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಗ್ಯಾಲರಿ, ಎಲ್ಲಕ್ಕಿಂತ ಮೇಲೆ ಇಡೀ ಬಿಲ್ಡಿಂಗಿಗೆ ಸೇರಿದ ಗಚ್ಚಿ, ಅಂದರೆ ತಾರಸಿ. ಐವತ್ತರ ದಶಕದ ನಡುವಿನ ಮಾತು, ಊರಿನಲ್ಲಿ ಇನ್ನೂ ಟ್ರಾಮು ಓಡುತ್ತಿತ್ತು. ಎರಡು ಕೋಣೆ ಎಂದರೆ ಕಡಿಮೆಯೇನಲ್ಲ, ಆದರೆ ಅವು ಎಂದೂ ನಮ್ಮವಾಗಿರಲಿಲ್ಲ. ಮೈಸೂರಿನ ಕಡೆಯಿಂದ ಇಂಟರ್‌ವ್ಯೂಗೆ ಬಂದವರು, ಕಣ್ಣಿನ ಆಪರೇಷನ್ನಿಗೆ ಬಂದವರು, ಸಮುದ್ರ ನೋಡಲು ಬಂದು ಮಳೆ ಹಿಡಿದದ್ದರಿಂದ ಸಮುದ್ರವನ್ನೂ ನೋಡದೆ ವಾಪಸೂ ಹೋಗದೆ ಉಳಿದವರು, ಹೀಗೆ ಯಾರಾದರೊಬ್ಬರು ಹಾಸಿಗೆ ಬಿಚ್ಚಿರುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಒರಳಿನ ಪಕ್ಕ ಮಲಗುತ್ತಿದ್ದೆ. ಮಳೆಗಾಲದಲ್ಲಿ ತಲೆಯ ಮೇಲೆ ಹಗ್ಗ, ಹಗ್ಗದ ಮೇಲೆ ನಾಲ್ಕು ದಿನವಾದರೂ ಒಣಗದ ಬಟ್ಟೆ. ಚಿಕ್ಕವಳಾಗಿದ್ದಾಗ ಅಮ್ಮನ ಸೀರೆಯನ್ನು ಎರಡು ಕುರ್ಚಿಗಳ ಬೆನ್ನಿಗೆ ಕಟ್ಟಿ ಅದರ ಕೆಳಗೆ ಕೂತು, ಇದು ನನ್ನ ಮನೆ, ಬಾಗಿಲು ತಟ್ಟಿ ಬನ್ನಿ ಎನ್ನುತ್ತಿದ್ದೆನಂತೆ. ಕಣ್ಣಿನ ಆಪರೇಷನ್ನಿನ ದೊಡ್ಡಪ್ಪ ಬಾಗಿಲು ಕಾಣದೆ ನೇರ ಮೇಲೆಯೇ ಕೂತಿದ್ದು ಬೇರೆ ಕಥೆ.

ಈ ಹಿನ್ನೆಲೆಯಲ್ಲಿ ನೀವು ನನ್ನ ಆಸೆಯನ್ನು ಅರ್ಥ ಮಾಡಿಕೊಳ್ಳಬೇಕು. ಕಾಲೇಜಿನಲ್ಲಿ ನಮ್ಮನ್ನು ಗುಡ್ಡ ಹತ್ತಿಸುತ್ತಿದ್ದ, ನಾವು ಬಾಯಿ ಎಂದು ಕರೆಯುತ್ತಿದ್ದ ಒಬ್ಬ ಟೀಚರು ಇದ್ದರು, ಭೂಗೋಳದ ಪಾಠ ಮಾಡುತ್ತಿದ್ದ ಮರಾಠಿ ಹೆಂಗಸು. ಶ್ರಾವಣದಲ್ಲಿ ಬೊರಿವಲಿಯ ಆಚೆ ಗುಡ್ಡದ ಮೇಲೆ ಎರಡು ರಾತ್ರಿ ಕ್ಯಾಂಪು ಎಂದು ಅವರು ಸಾರಿದರು. ಇಬ್ಬಿಬ್ಬರಿಗೆ ಒಂದು ಗುಡಾರ, ಅವರವರದು ಅವರವರೇ ತರಬೇಕು, ಅಲ್ಲಿಯ ಗಾಳಿಮಳೆ ಕಾಲೇಜಿನ ಮಳೆಯಂತಲ್ಲ, ಗಟ್ಟಿ ತಂಬು ಇಲ್ಲದವರು ಮನೆಯಲ್ಲೇ ಇರಿ ಎಂದರು. ಎರಡು ರಾತ್ರಿ, ಮೇಲೆ ಹಗ್ಗವಿಲ್ಲದ, ಪಕ್ಕದಲ್ಲಿ ಒರಳಿಲ್ಲದ ಒಂದು ಸೂರು. ಅದರೊಳಗೆ ನಾನು ಮತ್ತು ಸುಮತಿ. ಜೀವನದಲ್ಲಿ ಮತ್ತೇನೂ ಬೇಡ ಅನ್ನಿಸಿತು. ಹದಿನೆಂಟು ವರ್ಷಕ್ಕೆ ಹಾಗೆ ಅನ್ನಿಸುವುದು ಸುಲಭ.

ಸುಮತಿ ಯಾರೆಂದರೆ, ನಮ್ಮ ಬಿಲ್ಡಿಂಗಿನ ಕೆಳಗೇ ಉಡುಪಿ ಹೋಟೆಲ್ ಇಟ್ಟಿದ್ದ ಭಟ್ಟರ ಮಗಳು. ಅವಳ ತಾಯಿ ಊರಿನಲ್ಲಿ ಗದ್ದೆ ನೋಡಿಕೊಂಡಿದ್ದರು, ಓದಲೆಂದು ಇವಳು ಅಪ್ಪನ ಜೊತೆ. ಭಟ್ಟರದು ಒಂದೇ ನಿಯಮ: ವಿಮಲ ಹೋದಲ್ಲಿಗೆ ಸುಮತಿ ಹೋಗಬಹುದು. ವಿಮಲ ಎಂದರೆ ನಾನು. ಹಾಗಾಗಿ ಅಪ್ಪಣೆ ನಮ್ಮ ಮನೆಯಲ್ಲಿ ಸಿಗಬೇಕಿತ್ತು. ಅಮ್ಮನನ್ನು ಕೇಳಿದರೆ, ನಿಮ್ಮಣ್ಣನ್ನ ಕೇಳು ಎಂದು ರುಬ್ಬಲು ಕೂತಳು. ನಮ್ಮ ಮನೆಯಲ್ಲಿ ಇದಕ್ಕೆ ಇಲ್ಲ ಎಂದರ್ಥ. ಆ ಗುಡ್ಡದಲ್ಲಿ ಚಿರತೆ ಇದೆಯೆಂದು ಯಾರೋ ಹೇಳಿದ್ದಕ್ಕೆ ಅವಳು ಹೆದರಲಿಲ್ಲ. ಅಲ್ಲಿ ಸ್ನಾನಕ್ಕೆ ಬಿಸಿನೀರು ಕಾಯಿಸುವವರು ಯಾರು ಎಂದು ಮಾತ್ರ ಕೇಳಿದಳು.

ಅಣ್ಣ ಕನ್ನಡಕ ತೆಗೆದು ಒರೆಸಿದರು. ಪರಿಹಾರ ಕೇಳಿ ಬಂದ ವ್ಯಾಪಾರಿಯನ್ನು ನೋಡುವಂತೆ ನನ್ನನ್ನು ನೋಡಿದರು.

"ಗುಡಾರ ತರೋಣ. ಗಚ್ಚಿ ಮೇಲೆ ಮಳೇಲಿ ಕಟ್ಟೋಣ. ನಾನು ಒಳಗೆ ಕೂತು ಭಾನುವಾರದ ಪೇಪರು ಮೊದಲಿಂದ ಕೊನೇವರೆಗೂ ಓದ್ತೀನಿ. ಒಂದಕ್ಷರ ಒದ್ದೆ ಆಗಲಿಲ್ಲ ಅಂದ್ರೆ ನೀನು ಹೋಗಬಹುದು. ಆಯ್ತು ಅಂದ್ರೆ ಮತ್ತೆ ಈ ಮಾತು ಎತ್ತಬಾರದು."

ನಾನು ಒಪ್ಪಿದೆ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಯುದ್ಧ ಮುಗಿದು ವರ್ಷಗಳಾಗಿದ್ದರೂ ಬೈಕುಲ್ಲಾದ ಅಂಗಡಿಗಳಲ್ಲಿ ಅದರ ಸಾಮಾನು ಇನ್ನೂ ಮುಗಿದಿರಲಿಲ್ಲ. ಸಿಪಾಯಿಗಳ ನೀರಿನ ಬಾಟಲಿ, ಎಡಗಾಲಿನವೇ ರಾಶಿಬಿದ್ದ ಬೂಟು, ಸೊಳ್ಳೆಪರದೆ, ಗುಡಾರ. ಶನಿವಾರ ಮಧ್ಯಾಹ್ನ ಅಣ್ಣ, ನಾನು, ಸುಮತಿ ಹೋದೆವು. ಸುಮತಿ ಮೊದಲು ಕಂಡ ಗುಡಾರಕ್ಕೇ ಮನಸೋತಳು. ಯಾವನೋ ಅಧಿಕಾರಿಯದಿರಬೇಕು, ಅದಕ್ಕೆ ಕಿಟಕಿಯಿತ್ತು, ಕನ್ನಡಿ ಇಡಲು ಜೇಬಿತ್ತು. ಅಣ್ಣ ಅದರ ಕಿಟಕಿಯನ್ನು ನೋಡಿ, ನೀರು ಬರಲು ಬಾಗಿಲೊಂದು ಸಾಲದೆಂದು ಇದೂ ಬೇಕೇ ಎಂದು ಪಕ್ಕಕ್ಕಿಟ್ಟರು. ನನಗೆ ಹಗುರಾದ ಹಸಿರು ಗುಡಾರವೊಂದು ಹಿಡಿಸಿತು, ಮಡಿಸಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. ಅಣ್ಣ ಅದನ್ನು ಬೆಳಕಿಗೆ ಹಿಡಿದರು. ಹಗಲಿನಲ್ಲೇ ನಕ್ಷತ್ರ ಕಂಡವು. ಹೀಗೆ ಒಂದೊಂದನ್ನೇ ಎಳೆದು, ಮೂಸಿ, ಮೂಲೆಯ ಹೊಲಿಗೆ ಜಗ್ಗಿ, ಹಗ್ಗ ಪೋಣಿಸುವ ಹಿತ್ತಾಳೆ ಬಳೆಗಳನ್ನು ಉಗುರಿನಿಂದ ಕೆರೆದು, ಅಂಗಡಿಯ ಚಾಚಾನ ತಾಳ್ಮೆಯನ್ನೂ ಅಷ್ಟೇ ಗಟ್ಟಿಯಾಗಿ ಪರೀಕ್ಷಿಸಿದರು.

ಕೊನೆಗೆ ಚಾಚಾ ಒಳಗಿನಿಂದ ಇಬ್ಬರ ಕೈಯಲ್ಲಿ ಎತ್ತಿಸಿಕೊಂಡು ಒಂದನ್ನು ತಂದ. ಮಣ್ಣಿನ ಬಣ್ಣ, ದಪ್ಪ ಹತ್ತಿನೂಲಿನ ಕಿತ್ತಾನಿನಂಥ ಬಟ್ಟೆ, ಮೇಲೆಲ್ಲ ಮೇಣ ಬಳಿದದ್ದು. ಮೇಣ, ಸೀಮೆಎಣ್ಣೆ, ಮೇಕೆ ಮೂರೂ ಸೇರಿದ ವಾಸನೆ. "ಸಾಬ್, ಯೇ ತಂಬೂ ಬರ್ಮಾ ಕೀ ಬಾರಿಶ್ ಖಾಕೇ ಆಯಾ ಹೈ," ಎಂದ. ಬರ್ಮಾದ ಮಳೆ ತಿಂದು ಬಂದ ಗುಡಾರ. ನಾಲ್ಕು ಮೂಲೆ ನಾಲ್ಕು ಜನ ಹಿಡಿದು ನಡುವೆ ಒಂದು ಕೊಡ ನೀರು ಸುರಿದರು. ಬಟ್ಟೆಯ ನಡುವೆ ಪುಟ್ಟ ಕೆರೆಯಾಯಿತು. ಅಣ್ಣ ರಸ್ತೆಯಲ್ಲೇ ಮಂಡಿಯೂರಿ, ಕೆರೆಯ ಕೆಳಗೆ ತಲೆಯಿಟ್ಟು ಮೇಲೆ ನೋಡಿದರು. ಬೈಕುಲ್ಲಾದಲ್ಲಿ ಜನ ಸೇರಲು ಕಾರಣ ಬೇಕಿಲ್ಲ, ದಾರಿಹೋಕರು ಹಲವರು ಅವರ ಪಕ್ಕದಲ್ಲೇ ಬಗ್ಗಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಅಣ್ಣ ಎದ್ದು ನಿಂತಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ನನ್ನ ಮ್ಯಾಟ್ರಿಕ್ ಫಲಿತಾಂಶದ ದಿನವೂ ಕಂಡಿರಲಿಲ್ಲ.

ಬೈಕುಲ್ಲಾದಿಂದ ಸಯನ್ನಿಗೆ ಲೋಕಲ್‌ನಲ್ಲಿ ತಂದೆವು. ಉದ್ದಕ್ಕೆ ಸುತ್ತಿ ಹಗ್ಗ ಬಿಗಿದ ಗುಡಾರ, ಮುಂದೆ ಅಣ್ಣನ ಹೆಗಲು, ಹಿಂದೆ ನಮ್ಮಿಬ್ಬರ ಹೆಗಲು. ಸ್ಟೇಷನ್ನಿನ ಸೇತುವೆಯ ಮೇಲೆ ಜನ ತಾವಾಗಿ ದಾರಿ ಬಿಟ್ಟರು. ಮುದುಕರೊಬ್ಬರು ಟೊಪ್ಪಿಗೆ ತೆಗೆದು ಕೈ ಮುಗಿದರು. ಸುಮತಿಗೆ ಅದು ಹೊಳೆದು ನಗು ಬಂತು, ಅವಳು ನಕ್ಕಾಗ ಗುಡಾರ ಅಲುಗಾಡಿತು, ಮುದುಕರು ಎರಡು ಹೆಜ್ಜೆ ಹಿಂದೆ ಸರಿದರು.

ಮನೆಗೆ ಬಂದ ಮೇಲೆ ಅಣ್ಣ ಮಾಡಿದ್ದು ಒಂದೇ ತಪ್ಪು. ಬರ್ಮಾದ ವಿಷಯವನ್ನು ಹೆಮ್ಮೆಯಿಂದ ಅಮ್ಮನಿಗೆ ಹೇಳಿದರು. ಅಮ್ಮ ಬಾಗಿಲಲ್ಲೇ ನಿಂತು, ಮೂಗಿಗೆ ಸೆರಗು ಹಿಡಿದು ಅದನ್ನು ನೋಡಿದಳು. ಒಳಗೆ ತರುವುದು ಬೇಡ, ಗಚ್ಚಿಯ ಮೇಲಿರಲಿ ಎಂದಳು. ಮುಂದಿನ ಭಾನುವಾರ ಪರೀಕ್ಷೆ ಎಂದು ಅಣ್ಣ ಸಾರಿದರು. ನಾವೆಲ್ಲ ಸೋಮವಾರ ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಆ ವಾರ ಎಂದೂ ಇಲ್ಲದಂತೆ ಮೂರು ದಿನ ಬಿಸಿಲು ಬಿತ್ತು. ಅದೇ ಮುಳುವಾಯಿತು. ಗುರುವಾರ ಕಾಲೇಜಿನಿಂದ ಬಂದು ಗಚ್ಚಿ ಹತ್ತಿದರೆ, ಅಲ್ಲಿ ನಮ್ಮ ಗುಡಾರ ಇರಲಿಲ್ಲ. ಅದರ ಜಾಗದಲ್ಲಿ ತಿಳಿನೀಲಿ ಬಣ್ಣದ ಬೇರೊಂದು ಗುಡಾರ, ಕೋಲು ಹಗ್ಗ ಯಾವುದೂ ಇಲ್ಲದೆ, ಗೋಡೆಗೆ ಒರಗಿ ತಾನಾಗಿಯೇ ನಿಂತಿತ್ತು. ಬಡಿದರೆ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಕ್ಕದಲ್ಲಿ ನಿಂತಿದ್ದಳು.

ನಡೆದದ್ದು ಇಷ್ಟು. ಭಟ್ಟರ ಹೋಟೆಲಿನಲ್ಲಿ ಕೆಲಸದವರ ಪಂಚೆ ಬೇಯಿಸುವ ದೊಡ್ಡ ತಾಮ್ರದ ಹಂಡೆಯಿತ್ತು. ಅದರಲ್ಲಿ ಸೋಡಾ ಹಾಕಿ ಗುಡಾರವನ್ನು ಕುದಿಸಿದ್ದಾಯಿತು. ಮೇಲೆ ತೇಲಿಬಂದ ಕೊಳೆಯನ್ನು, ಅಂದರೆ ಬರ್ಮಾದ ಮಳೆಯನ್ನು ತಡೆದಿದ್ದ ಮೇಣವನ್ನು, ಸೌಟಿನಿಂದ ತೆಗೆದು ತೆಗೆದು ಮೋರಿಗೆ ಚೆಲ್ಲಿದ್ದಾಯಿತು. ಅಂಟುವಾಳದಲ್ಲಿ ಉಜ್ಜಿ, ಕಲ್ಲಿಗೆ ಒಗೆದು, ಬೆಳ್ಳಗಾಗಲೆಂದು ನೀಲಿಯಲ್ಲಿ ಅದ್ದಿದ್ದಾಯಿತು. ಆಮೇಲೆ ನೋಡಿದರೆ ಬಟ್ಟೆ ಹಳೇ ಪಂಚೆಯಂತೆ ಮೆತ್ತಗಾಗಿತ್ತು. ಗಾಳಿಗೆ ಇದೇನು ನಿಂತೀತು ಎಂದು ಅಮ್ಮನಿಗೆ ಚಿಂತೆಯಾಯಿತು. ಅಣ್ಣನ ಪಂಚೆಗೆ ಮಾಡುವುದನ್ನೇ ಇದಕ್ಕೂ ಮಾಡಿದಳು. ಹೋಟೆಲಿನಲ್ಲಿ ಗಂಜಿಗೆ ಬರವೇ? ಒಂದು ಹಂಡೆ ಗಂಜಿ, ಗಟ್ಟಿಯಾಗಿ.

"ಯಾರ್ಯಾರೋ ಮಲಗಿದ್ದ ಬಟ್ಟೆ. ಅದರೊಳಗೆ ನೀನು ಹಾಗೇ ಮಲಗೋಕಾಗತ್ತೇನೆ?" ಎಂದಳು ಅಮ್ಮ. ಕೈಯೆಲ್ಲ ಸೋಡಾಕ್ಕೆ ಸುಲಿದಿತ್ತು.

ಆ ಮಾತು ನನಗೆ ತಲುಪಲು ಸ್ವಲ್ಪ ಹೊತ್ತು ಬೇಕಾಯಿತು. ಅಪ್ಪಣೆ ಕೊಡದ ಅಮ್ಮ ಮನಸ್ಸಿನಲ್ಲಿ ಆಗಲೇ ನನ್ನನ್ನು ಆ ಗುಡಾರದೊಳಗೆ ಮಲಗಿಸಿ ಆಗಿತ್ತು. ನನಗೆ ಅಳುವಷ್ಟು ಖುಷಿಯಾಯಿತು. ಖುಷಿಯಲ್ಲಿ ಬುದ್ಧಿ ಕೆಲಸ ಮಾಡಲಿಲ್ಲ. ರಸಾಯನಶಾಸ್ತ್ರ ಓದುತ್ತಿದ್ದ ನಾನು ಮೇಣದ ಬಗ್ಗೆ ಒಂದು ಕ್ಷಣವೂ ಯೋಚಿಸದೆ, ಗಂಜಿ ನೂಲಿನ ಸಂದುಗಳನ್ನೆಲ್ಲ ಮುಚ್ಚುತ್ತದೆ, ಇದು ವೈಜ್ಞಾನಿಕ ಎಂದು ಸರ್ಟಿಫಿಕೇಟು ಕೊಟ್ಟೆ. ಸಂಜೆ ಬಂದ ಅಣ್ಣನೂ ಬಟ್ಟೆಯನ್ನು ಬಡಿದು ನೋಡಿ, ಮೊದಲಿಗಿಂತ ಬಿಗಿಯಾಗಿದೆ ಎಂದು ತಲೆದೂಗಿದರು. ನೀರು ಹೊಯ್ದು ನೋಡುವುದನ್ನು ಅವರು ಮರೆತದ್ದು ಅದೊಂದೇ ಸಲ. ಅವರ ಪಂಚೆಗಳಿಗೆ ಅಮ್ಮ ಹಾಕುವ ಗಂಜಿಯ ಮೇಲೆ ಅಂಥ ನಂಬಿಕೆ.

ಭಾನುವಾರ ಊಟವಾದ ಮೇಲೆ ಮಳೆ ಹಿಡಿಯಿತು. ಸಯನ್ನಿನ ಗುಡ್ಡವೇ ಕಾಣದಂಥ ಮಳೆ. ಅರ್ಧ ಬಿಲ್ಡಿಂಗು ಕೊಡೆ ಹಿಡಿದು ಗಚ್ಚಿಗೆ ಬಂದಿತ್ತು. ಗುಡಾರ ಮದುಮಗನಂತೆ ಗರಿಗರಿಯಾಗಿ ನಿಂತಿತ್ತು. ಒಳಗೆ ಚಾಪೆ, ಚಾಪೆಯ ಮೇಲೆ ಅಣ್ಣ, ಅವರ ಕೈಯಲ್ಲಿ ಪೇಪರು, ಎರಡು ಪಕ್ಕದಲ್ಲಿ ಉಸಿರು ಬಿಗಿಹಿಡಿದ ನಾನು ಮತ್ತು ಸುಮತಿ. ಮೊದಲ ಪುಟದಲ್ಲಿ ಒಂದು ಹನಿಯೂ ಬೀಳಲಿಲ್ಲ. ಹೊರಗೆ ಮಳೆ ತಮಟೆ ಬಡಿದಂತೆ ಬಡಿಯುತ್ತಿತ್ತು, ಒಳಗೆ ಬೆಚ್ಚಗಿತ್ತು. ಸುಮತಿ ಅಣ್ಣನ ಬೆನ್ನ ಹಿಂದಿನಿಂದ ನನ್ನ ಕೈ ಹಿಡಿದು ಹಿಸುಕಿದಳು.

ಎರಡನೇ ಪುಟ ಮಗುಚುವಾಗ ಅದು ಇಳಿಯತೊಡಗಿತು. ಹನಿಯಲ್ಲ. ಹನಿಯಾಗಿದ್ದರೆ ಟಪ್ ಎಂದು ಬಿದ್ದು ಮುಗಿಯುತ್ತಿತ್ತು. ಇದು ಲೋಳೆಯಾದ, ತಿಳಿನೀಲಿ ಬಣ್ಣದ, ಅವಸರವಿಲ್ಲದ ಒಂದು ಎಳೆ. ನೆತ್ತಿಯ ಕಡೆಯಿಂದ ಹೊರಟು, ಗಾಳಿಯಲ್ಲಿ ಉದ್ದವಾಗುತ್ತ ಆಗುತ್ತ ಬಂದು ಅಣ್ಣನ ಬೋಳು ತಲೆಯ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲ ಕಡೆಯಿಂದಲೂ. ಪೇಪರಿನ ಮೇಲೆ, ಚಾಪೆಯ ಮೇಲೆ, ಸುಮತಿಯ ಜಡೆಯ ಮೇಲೆ ಗಂಜಿ ಸುರಿಯಿತು. ಅಣ್ಣ ಪೇಪರನ್ನು ಇಳಿಸಲಿಲ್ಲ. ಕನ್ನಡಕದ ಮೇಲೆ ಇಳಿದದ್ದನ್ನು ಬೆರಳಿನಿಂದ ಒರೆಸಿ ಮುಂದಕ್ಕೆ ಓದಿದರು.

ಒಳಗೆ ಸದ್ದಿಲ್ಲದ್ದು ಕಂಡು ಹೊರಗಿನಿಂದ ಭಟ್ಟರು ಕೂಗಿದರು. "ಎಂತ ಆಯ್ತು ರಾಯರೇ? ಒಳಗೆ ನೀರುಂಟಾ?"

"ನೀರಿಲ್ಲ ಭಟ್ರೇ," ಎಂದರು ಅಣ್ಣ. ಸುಳ್ಳು ಹೇಳುವ ಜನವಲ್ಲ ಅವರು.

ಸುಮತಿಗೆ ತಡೆಯಲಾಗಲಿಲ್ಲ. ಅವಳು ನಕ್ಕದ್ದಕ್ಕೆ ನಾನು ನಕ್ಕೆ, ಅಣ್ಣನ ಭುಜವೂ ಕುಣಿಯತೊಡಗಿತು. ನಮ್ಮ ನಗು ಕೇಳಿ ಅಮ್ಮ ಬಾಗಿಲ ಬಟ್ಟೆ ಸರಿಸಿ ಇಣುಕಿದಳು. ಗಂಡನ ತಲೆಯಿಂದ ಒಂದು ಬೆರಳು ಗಂಜಿ ತೆಗೆದು, ತೋರುಬೆರಳು ಹೆಬ್ಬೆರಳ ನಡುವೆ ತಿಕ್ಕಿ ನೋಡಿದಳು. ಇನ್ನೂ ಸ್ವಲ್ಪ ಗಟ್ಟಿಯಿರಬೇಕಿತ್ತು ಎಂದಳು. ಆಮೇಲೆ ನನ್ನ ಮುಖ ನೋಡಿದಳು. ನಗುತ್ತಿದ್ದ ನನ್ನ ಕಣ್ಣಲ್ಲಿ ಆಗಲೇ ನೀರು ತುಂಬಿತ್ತು. ಅಣ್ಣನ ಕೈಯಲ್ಲಿದ್ದ ಪೇಪರು ಮುದ್ದೆಯಾಗಿತ್ತು. ಮತ್ತೆ ಈ ಮಾತು ಎತ್ತಬಾರದು ಎಂಬುದು ಒಪ್ಪಂದ.

ಮಳೆ ಮಾತ್ರ ನಿಲ್ಲಲಿಲ್ಲ. ನಾವು ಮುಖ ಒರೆಸಿಕೊಳ್ಳುತ್ತ ಕೂತಿದ್ದ ಹಾಗೆಯೇ ಗಂಜಿಯ ಎಳೆ ತೆಳುವಾಯಿತು, ಆಮೇಲೆ ಬರಿಯ ನೀರಾಯಿತು, ಆಮೇಲೆ ಅಲ್ಲೊಂದು ಇಲ್ಲೊಂದು ಹನಿ, ಆಮೇಲೆ ಅದೂ ಇಲ್ಲ. ದಪ್ಪ ಹತ್ತಿಯ ನೂಲು ಹೊಟ್ಟೆತುಂಬ ನೀರು ಕುಡಿದು ಉಬ್ಬಿ, ತನ್ನ ಸಂದುಗಳನ್ನು ತಾನೇ ಮುಚ್ಚಿಕೊಂಡಿತ್ತು. ಅದರ ಕಾರಣ ನನಗೆ ಆಮೇಲೆ ಗೊತ್ತಾದದ್ದು. ಆಗ ನಾವು ಮೂವರೂ ತಲೆಯೆತ್ತಿ, ಬಾಯಿ ತೆರೆದು ಮೇಲೆ ನೋಡುತ್ತ ಕೂತೆವು.

"ಸೋರೋದು ನಿಂತಿದೆ. ಆದ್ರೆ ಪೇಪರು ಒದ್ದೆಯಾಗಿದ್ದು ಆಗಿದ್ದೇ," ಎಂದರು ಅಣ್ಣ. ಅವರ ದನಿಯಲ್ಲಿ ಆಫೀಸು ಬಂದಿತ್ತು.

ಅಮ್ಮ ಒಳಗೆ ಬಂದಳು. ಬಟ್ಟೆಯಿಂದ ಚಾಪೆ ಒರೆಸಿ, ಮೂಲೆಯಲ್ಲಿ ಕಾಲು ಮಡಿಸಿ ಕೂತಳು.

"ಹಾಗಾದ್ರೆ ಇನ್ನೊಂದು ಪೇಪರು ತರಿಸಿ. ಮೊದಲಿಂದ ಓದಿ. ಗಂಜಿ ನನ್ನದು, ಗುಡಾರದ್ದಲ್ಲ."

ಅಣ್ಣ ವಿಮೆಯವರ ನ್ಯಾಯದಲ್ಲಿ ಇದನ್ನು ತೂಗಿ ನೋಡಿದರು. ಹೆಂಡತಿಯ ಮುಖ ನೋಡಿದರು, ಸೋಡಾಕ್ಕೆ ಸುಲಿದ ಅವಳ ಕೈ ನೋಡಿದರು. ಸರಿ ಎಂದರು. ಭಟ್ಟರು ಕೆಳಗೆ ಹೋಗಿ ಗಿರಾಕಿಗಳಿಗೆಂದು ತರಿಸುತ್ತಿದ್ದ ಹೋಟೆಲಿನ ಪೇಪರನ್ನು ಪಂಚೆಯಲ್ಲಿ ಬಚ್ಚಿಟ್ಟು ತಂದರು. ಅದು ಮರಾಠಿ ಪೇಪರು. ಅಣ್ಣನ ಮರಾಠಿ ತರಕಾರಿ ಮಾರುಕಟ್ಟೆಯಿಂದಾಚೆ ಹೋಗಿರಲಿಲ್ಲ. ಆದರೆ ಮೊದಲಿಂದ ಕೊನೆಯವರೆಗೂ ಎಂದು ಮಾತು ಕೊಟ್ಟಿದ್ದರು. ಒಂದೊಂದೇ ಅಕ್ಷರ ಕೂಡಿಸಿ, ಮಗುವಿನಂತೆ ಗಟ್ಟಿಯಾಗಿ ಓದತೊಡಗಿದರು. ಹತ್ತಿಯ ಧಾರಣೆ, ನಾಟಕದ ಜಾಹೀರಾತು, ಕಳೆದುಹೋದ ಎಮ್ಮೆ, ವಧು ಬೇಕಾಗಿದ್ದಾಳೆ, ಯಾವುದನ್ನೂ ಬಿಡಲಿಲ್ಲ. ಹೊರಗಿದ್ದವರು ಬೇಸತ್ತು ಒಬ್ಬೊಬ್ಬರಾಗಿ ಇಳಿದುಹೋದರು. ಮಳೆ ಒಂದೇ ಸಮ ಬಡಿಯುತ್ತಿತ್ತು. ಸುಮತಿಯೂ ನಾನೂ ಪೇಪರಿನ ಮೇಲಿಂದ ಕಣ್ಣು ತೆಗೆಯದೆ, ಪ್ರತಿ ಪುಟಕ್ಕೂ ಒಂದೊಂದು ದೇವರನ್ನು ನೆನೆಯುತ್ತ ಕೂತಿದ್ದೆವು.

ಕೊನೆಯ ಪುಟದ ಕೊನೆಯ ಸಾಲು ಮುಗಿಯಿತು. ಅಣ್ಣ ಪೇಪರನ್ನು ಎರಡೂ ಕಡೆ ತಿರುಗಿಸಿ ನೋಡಿದರು, ಒಂದಕ್ಷರವೂ ಒದ್ದೆಯಾಗಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದು ಮೂಲೆಯ ಕಡೆ ಕಣ್ಣು ಹಾಯಿಸಿದರು. ಅಮ್ಮ ಗುಡಾರದ ಕೋಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಸುತ್ತಲೂ ಅಷ್ಟು ಮಳೆ ಸುರಿಯುತ್ತಿದ್ದರೂ ಅವಳ ಮೇಲೆ ಒಂದು ಹನಿಯಿರಲಿಲ್ಲ.

ಅಣ್ಣ ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಪಿಸುಮಾತಿನಲ್ಲಿ ಹೇಳಿದರು.

"ಮದುವೆಯಾದ ಮೇಲೆ ಇವಳು ಹಗಲು ಹೊತ್ತು ಮಲಗಿದ್ದನ್ನ ನಾನು ಇವತ್ತೇ ನೋಡ್ತಿರೋದು. ಇಬ್ಬರೂ ಹೋಗಿಬನ್ನಿ. ಆದ್ರೆ ಈಗಲೇ ಕುಣೀಬೇಡಿ, ಅವಳು ಏಳಲಿ."